ಚೌಕದ ಪರದೆ ಯಾರ ಸೊತ್ತು?

ಬೀದಿಚೌಕದ ಬೃಹತ್ಪರದೆಗೆ ಜನರು ತಮ್ಮ ಮೊಬೈಲಿನಿಂದ ಉತ್ತರ ಕೊಡುವಂತಾದರೆ ಅಸಭ್ಯತೆಯು ತಾಂಡವವಾಡುವುದೆಂದೂ, ಆದುದರಿಂದ ಪರದೆಯು ಜಾಹೀರಾತುದಾರರ ವಶದಲ್ಲಿಯೇ ಇರತಕ್ಕದ್ದೆಂದೂ ಕೆಲವು ಮಹನೀಯರು ವಾದಿಸುತ್ತಿರುವರು. ಈ ಪೂರ್ವಪಕ್ಷವು ನಿಲ್ಲತಕ್ಕದ್ದಲ್ಲ.

2001ನೆಯ ಸೆಪ್ಟೆಂಬರಿನಲ್ಲಿ ಬರ್ಲಿನ್ ನಗರದ ಅಲೆಕ್ಸಾಂಡರ್ ಚೌಕದಲ್ಲಿ ನಡೆದುದನ್ನು ವಾಚಕರು ಚಿತ್ತೈಸಬೇಕು. ಅಲ್ಲಿ 'ಉಪಾಧ್ಯಾಯರ ಮನೆ' ಎಂಬ ಕಟ್ಟಡವೊಂದುಂಟು. (ಹೆಸರು ಕೇಳಿಯೇ ನನಗೆ ಪಕ್ಷಪಾತ ಹುಟ್ಟಿತೆಂದರೂ ಚಿಂತೆಯಿಲ್ಲ.) ಕೇಯಾಸ್ ಕಂಪ್ಯೂಟರ್ ಕ್ಲಬ್ಬಿನವರು ಅದರ ಮೇಲಿನ 8 ಅಂತಸ್ತುಗಳಲ್ಲಿ, ಅಂತಸ್ತಿಗೆ 18ರಂತೆ, 144 ಕಿಟಕಿಗಳ ಹಿಂದೆ ಒಂದೊಂದು ದೀಪವಿಟ್ಟು ಕಟ್ಟಡದ ಮುಖವನ್ನೇ ಪರದೆಯಾಗಿಸಿದರು. ದಾರಿಹೋಕನು ಮೊಬೈಲಿನಿಂದ ಕರೆಮಾಡಿ, ಗುಂಡಿಗಳನ್ನೊತ್ತಿ, ಆ ಗೋಡೆಯ ಮೇಲೆ ಪಾಂಗ್ ಎಂಬ ಚೆಂಡಾಟವನ್ನಾಡಬಹುದಾಗಿತ್ತು. ತಾನೇ ರಚಿಸಿದ ಪ್ರೇಮಪತ್ರವನ್ನು ಪ್ರಿಯೆಯ ಕಣ್ಣೆದುರಿಗೆ ಬೆಳಗಿಸಬಹುದಾಗಿತ್ತು. 2002ನೆಯ ಫೆಬ್ರವರಿಯವರೆಗೂ ಇದು ನಡೆಯಿತು. ಚೌಕವೇನೂ ಪಾಳುಬೀಳಲಿಲ್ಲ.

ನಮ್ಮ ಪಟ್ಟಣಗಳ ಪರದೆಗಳೋ! ಹಗಲಿರುಳು ಚಿನ್ನದಂಗಡಿಯನ್ನೂ ನಿವೇಶನವನ್ನೂ ಹೊಗಳುವುವು, ನೋಡುವವನಿಗೆ ಬಾಯಿಲ್ಲ. ಕ್ಯೂಆರ್ ಕೋಡೊಂದನ್ನು ತೋರಿಸಿ 'ಭಾಗವಹಿಸಿರಿ' ಎಂದರೆ, ಅದು ಬಹುಮಟ್ಟಿಗೆ ನಮ್ಮ ದೂರವಾಣಿ ಸಂಖ್ಯೆಗೆ ಒಡ್ಡಿದ ಬಲೆಯಲ್ಲದೆ ಸಂವಾದವಲ್ಲ. ಅಸಭ್ಯತೆಗೆ ಅಂಜುವವರು ಬರೆಹವನ್ನು ಮೊದಲೇ ಪರಿಶೀಲಿಸತಕ್ಕವರನ್ನು ನೇಮಿಸಲಿ. ಚೌಕದ ನೆಲವು ನಗರಸಭೆಯದು, ಎಂದರೆ ತೆರಿಗೆ ತೆತ್ತವರದು. ಪರದೆಗೆ ಪರವಾನಗಿ ಕೊಡುವಾಗ ದಿನಕ್ಕೊಂದು ಗಂಟೆಯನ್ನು, ಯಾರ ಸಂಖ್ಯೆಯನ್ನೂ ಕೂಡಿಡದೆ, ಜನರಿಗೆ ಬಿಡತಕ್ಕದ್ದೆಂದು ಸಭೆಯು ಕರಾರು ಬರೆಯಿಸಿಕೊಳ್ಳಲಿ.