ಸೀಮೆಎಣ್ಣೆ ಜೆಟ್ಟು, ಜೋಳದ ಹೊಲ

ಹೋದ ಅಕ್ಟೋಬರಿನಲ್ಲಿ ನಾನು ಮಗಳ ಮನೆಯಲ್ಲಿದ್ದೆ, ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ. ಒಂದು ಶನಿವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಾ ಕೂತವನಿಗೆ ಸೀಮೆಎಣ್ಣೆ ವಾಸನೆ ಬಂತು. ನಮ್ಮ ಮನೆಯ ಪಂಪ್ ಸ್ಟೌ ಗುಜರಿಗೆ ಹೋಗಿ ಮೂವತ್ತು ವರ್ಷವಾಯಿತು. ಇಲ್ಲಿ ಯಾರಪ್ಪಾ ಸ್ಟೌ ಹಚ್ಚಿದವರು ಅಂತ ಗ್ಯಾರೇಜಿಗೆ ಹೋಗಿ ನೋಡಿದರೆ, ಅಳಿಯ ಒಂದು ಕ್ಯಾನಿನಿಂದ ಇನ್ನೊಂದಕ್ಕೆ ಎಣ್ಣೆ ಬಗ್ಗಿಸುತ್ತಿದ್ದ. ಹನ್ನೆರಡು ವರ್ಷದ ಮೊಮ್ಮಗ, ನಮ್ಮ ಪುಟ್ಟ, ಆಲಿಕೆ ಹಿಡಿದುಕೊಂಡಿದ್ದ. ಅವರ ಹಿಂದೆ ಮಂಚದಷ್ಟು ದೊಡ್ಡದೊಂದು ವಿಮಾನ, ಕೆಂಪು ಬಿಳಿ ಬಣ್ಣ, ಹದಿನೈದು ಕೆ.ಜಿ. ತೂಕ.

‘ಆಟದ ವಿಮಾನವೇನೋ?’ ಅಂದೆ.

‘ಆಟದ್ದಲ್ಲ ತಾತ, ಜೆಟ್ಟು. ನಿಜವಾದ ಜೆಟ್ ಎಂಜಿನ್ನು,’ ಎಂದು ಪುಟ್ಟ ಮೂತಿ ಉಬ್ಬಿಸಿಕೊಂಡ.

ಅವನು ಹೇಳಿದ್ದು ಸುಳ್ಳಲ್ಲ. ಆ ಎಂಜಿನ್ನು ಒಂದು ದೊಡ್ಡ ಫ್ಲಾಸ್ಕಿನಷ್ಟಿದೆ. ಮುಂದಿನ ಚಕ್ರ ಗಾಳಿಯನ್ನು ಎಳೆದು ಒತ್ತುತ್ತದೆ, ನಡುವೆ ಸೀಮೆಎಣ್ಣೆ ಉರಿಯುತ್ತದೆ, ಬಿಸಿಗಾಳಿ ಹಿಂದಿನ ಚಕ್ರವನ್ನು ತಿರುಗಿಸಿ ಬಾಲದಿಂದ ಹೊರಗೆ ನುಗ್ಗುತ್ತದೆ. ನಾವು ಕೂತು ಹೋಗುವ ವಿಮಾನದಲ್ಲಿ ನಡೆಯುವುದೂ ಇದೇ. ನಿಮ್ಮ ಮನೆಯ ಮಿಕ್ಸಿ ನಿಮಿಷಕ್ಕೆ ಹದಿನೆಂಟು ಇಪ್ಪತ್ತು ಸಾವಿರ ಸುತ್ತು ತಿರುಗುತ್ತದೆ, ಅದಕ್ಕೇ ಅಷ್ಟು ಅರಚುತ್ತದೆ. ಇದು ಲಕ್ಷ ಸುತ್ತು ದಾಟುತ್ತದೆ. ಹಿಂದಿನಿಂದ ಬರುವ ಗಾಳಿಯ ಬಿಸಿ 500 ಡಿಗ್ರಿ ಸೆಲ್ಸಿಯಸ್ಸಿಗೂ ಹೆಚ್ಚು. ಸೀಮೆಎಣ್ಣೆಗೆ ನೂರಕ್ಕೆ ಐದು ಪಾಲಿನಂತೆ ಬೇರೆ ಎಣ್ಣೆ ಬೆರೆಸುತ್ತಾರೆ, ಬೇರಿಂಗುಗಳು ಒಣಗಬಾರದಲ್ಲ, ಅದಕ್ಕೆ.

ಇಂಥ ಎಂಜಿನ್ನನ್ನು ಮನೆಯ ಕಾರ್ಯಾಗಾರದಲ್ಲೇ ಮಾಡಬಹುದು ಎಂದು 1990ರ ಸುಮಾರಿಗೆ ತೋರಿಸಿಕೊಟ್ಟವರಲ್ಲಿ ಮುಖ್ಯರಾದವರು ಜರ್ಮನಿಯ ಕುರ್ಟ್ ಶ್ರೆಕ್ಲಿಂಗ್. ಅವರ ಎಂಜಿನ್ನಿನಲ್ಲಿ ಗಾಳಿ ಒತ್ತುವ ಚಕ್ರವನ್ನು ಮಾಡಿದ್ದು ಮರದಿಂದ! ಕಾರ್ಬನ್ ನಾರು ಸುತ್ತಿದ ಪ್ಲೈವುಡ್ಡು. ಈಗ ಎಲ್ಲ ಲೋಹ, ಎಲ್ಲ ಅಂಗಡಿಯಲ್ಲಿ ಸಿಗುತ್ತದೆ. 2017ರಲ್ಲಿ ಜರ್ಮನಿಯದೇ ಒಂದು ಮಾದರಿ ಜೆಟ್ಟು ಗಂಟೆಗೆ 749 ಕಿ.ಮೀ. ವೇಗದಲ್ಲಿ ಹಾರಿ ಗಿನ್ನೆಸ್ ದಾಖಲೆ ಮಾಡಿತು.

‘ಇದಕ್ಕೆ ಎಷ್ಟಾಯ್ತು?’ ಅಂತ ಅಳಿಯನನ್ನು ಕೇಳಿದೆ. ಅವನು ಮಗಳು ಎಲ್ಲಿದ್ದಾಳೆ ಅಂತ ಒಮ್ಮೆ ಬಾಗಿಲ ಕಡೆ ನೋಡಿ, ‘ಎಲ್ಲಾ ಸೇರಿ ಹನ್ನೆರಡು ಸಾವಿರ ಡಾಲರ್, ಮಾವ,’ ಅಂದ. ಹತ್ತು ಲಕ್ಷ ರೂಪಾಯಿ! ನಾಲ್ಕು ವರ್ಷ ಕೂಡಿಟ್ಟ ದುಡ್ಡಂತೆ.

‘ಇನ್ಶೂರೆನ್ಸು?’

ಮೂವತ್ತೊಂದು ವರ್ಷ ಜನರಲ್ ಇನ್ಶೂರೆನ್ಸ್ ಕಂಪನಿಯಲ್ಲಿ ಕ್ಲೇಮುಗಳನ್ನು ನೋಡಿದವನು ನಾನು. ದೇವಸ್ಥಾನದ ತೇರು ನೋಡಿದರೂ ಮೊದಲು ಬಾಯಿಗೆ ಬರುವುದು ಅದೇ ಪ್ರಶ್ನೆ.

‘ಇದೆ ಮಾವ, ಎರಡೂವರೆ ಮಿಲಿಯ ಡಾಲರ್,’ ಅಂದ. ಇಪ್ಪತ್ತು ಕೋಟಿ ರೂಪಾಯಿ ಮೀರಿತು! ವರ್ಷದ ಚಂದಾ ನೂರು ಡಾಲರಿಗೂ ಕಡಿಮೆಯಂತೆ. ನನಗೆ ನಂಬಿಕೆ ಬರಲಿಲ್ಲ. ಕಾಗದ ಕೊಡು ಅಂದೆ.

ಅಕಾಡೆಮಿ ಆಫ್ ಮಾಡೆಲ್ ಏರೊನಾಟಿಕ್ಸ್ ಎಂಬುದು ಅಲ್ಲಿನ ಮಾದರಿ ವಿಮಾನ ಹವ್ಯಾಸಿಗಳ ಸಂಘ, 1936ರಲ್ಲಿ ಶುರುವಾದದ್ದು. ಮುಖ್ಯ ಕಚೇರಿ ಇಂಡಿಯಾನಾದ ಮನ್ಸಿ ಊರಿನಲ್ಲೇ ಇದೆ. ಸದಸ್ಯರಾದರೆ ಚಂದಾದ ಜೊತೆಗೇ ಈ ವಿಮೆ. ಆದರೆ ಓದುತ್ತಾ ಹೋದಂತೆ ಗೊತ್ತಾಯಿತು, ಇದು ನಮ್ಮ ‘ಥರ್ಡ್ ಪಾರ್ಟಿ’. ನಿಮ್ಮಪ್ಪನ ಸ್ಕೂಟರಿನ ಡಿಕ್ಕಿಯಲ್ಲಿ ಇದೆಯಲ್ಲ, ಅದೇ. ಪಾಲಿಸಿ ತೆಗೆದುಕೊಂಡವನು ಮೊದಲನೆಯವನು, ಕಂಪನಿ ಎರಡನೆಯದು, ದಾರಿಯಲ್ಲಿ ತನ್ನ ಪಾಡಿಗೆ ಹೋಗುತ್ತಿದ್ದು ಪೆಟ್ಟು ತಿಂದವನು ಮೂರನೆಯವನು. ದುಡ್ಡು ಹೋಗುವುದು ಅವನಿಗೆ. ನಿಮ್ಮ ವಿಮಾನ ಬಿದ್ದು ಪುಡಿಯಾದರೆ ಅದರಿಂದ ಒಂದು ಬಿಡಿಗಾಸೂ ಇಲ್ಲ. ನನಗೇನೂ ಆಶ್ಚರ್ಯವಾಗಲಿಲ್ಲ. ಆಗಬಹುದು, ಆಗದೆಯೂ ಇರಬಹುದು ಅನ್ನುವುದಕ್ಕೆ ವಿಮೆ ಮಾಡಬಹುದು. ಮಾದರಿ ವಿಮಾನ ಹಾರಿಸುವವನ ಕೈಯಲ್ಲಿ ಒಂದಲ್ಲ ಒಂದು ದಿನ ಅದು ಬಿದ್ದೇ ಬೀಳುತ್ತದೆ. ಬಿದ್ದೇ ಬೀಳುವುದಕ್ಕೆ ಯಾವ ಕಂಪನಿ ಎಷ್ಟು ಪ್ರೀಮಿಯಂ ಹಾಕೀತು?

ಇನ್ನೊಂದು ವಿಷಯ. ಸಂಘದ ವಿಮೆ ಮೊದಲು ಮುಂದೆ ಬರುವುದಿಲ್ಲ. ಮೊದಲು ಮನೆಯ ಪಾಲಿಸಿ ಕೊಡಬೇಕು, ಅದು ಸಾಲದಿದ್ದರೆ ಸಂಘದ್ದು. ಸರಿ, ಮನೆ ಪಾಲಿಸಿಯನ್ನೂ ತರಿಸಿ ಕನ್ನಡಕ ಏರಿಸಿದೆ. ‘ವಿಮಾನದಿಂದಾದ ಹಾನಿಗೆ ನಾವು ಹೊಣೆಯಲ್ಲ’ ಎಂಬ ಅರ್ಥದ ಸಾಲು ಕಂಡು ಎದೆ ಧಸಕ್ಕೆಂದಿತು. ಕೆಳಗೆ ಸಣ್ಣಕ್ಷರದಲ್ಲಿ ‘ವಿಮಾನ’ ಅಂದರೆ ಏನು ಅಂತ ಬರೆದಿದ್ದರು. ಜನರನ್ನಾಗಲಿ ಸರಕನ್ನಾಗಲಿ ಹೊರದ ಹವ್ಯಾಸದ ಮಾದರಿ ವಿಮಾನವು ವಿಮಾನವಲ್ಲವಂತೆ! ಅಲ್ಲಿನ ಎಷ್ಟೋ ಮನೆ ಪಾಲಿಸಿಗಳಲ್ಲಿ ಈ ಮಾತು ಇರುತ್ತದೆ. ಪುಟ್ಟನಿಗೆ ಇದನ್ನು ಹೇಳಿದಾಗ ಅವನಿಗೆ ಸಿಟ್ಟೇ ಬಂತು. ಅವನ ಜೆಟ್ಟನ್ನು ವಿಮಾನವಲ್ಲ ಅನ್ನುವುದಕ್ಕೆ ಇವರು ಯಾರು?

ಹತ್ತು ಗಂಟೆಗೆ ಕ್ಲಬ್ಬಿನ ಮೈದಾನಕ್ಕೆ ಹೋದೆವು. ಮೈದಾನ ಅಂದರೆ ಒಂದು ಟಾರು ಪಟ್ಟಿ. ಅದರ ಈಚೆ ಬದಿಯಲ್ಲಿ ಹಾರಿಸುವವರು ನಿಲ್ಲುವ ಗೆರೆ, ಗೆರೆಯ ಹಿಂದೆ ವಿಮಾನಗಳು, ಅವುಗಳ ಹಿಂದೆ ಕಾರುಗಳು, ಕುರ್ಚಿ ಹಾಕಿ ಕೂತ ಹೆಂಗಸರು ಮಕ್ಕಳು. ಪಟ್ಟಿಯ ಆಚೆಗೆ ಕಣ್ಣು ಹಾಯುವಷ್ಟು ದೂರ ಮುಸುಕಿನ ಜೋಳದ ಹೊಲ. ಕಟಾವಿಗೆ ಬಂದು ತಲೆಯೆತ್ತರಕ್ಕೆ ಒಣಗಿ ನಿಂತಿತ್ತು, ಗಾಳಿ ಬೀಸಿದರೆ ಕಾಗದದ ಹಾಗೆ ಸರಸರ ಅನ್ನುತ್ತಿತ್ತು.

ಜೆಟ್ಟು ಹಾರಿಸಲು ಬರೀ ಸದಸ್ಯತ್ವ ಸಾಲದು. ಅನುಭವಿಗಳ ಮುಂದೆ ಹಾರಿಸಿ ತೋರಿಸಿ ಬೇರೆ ಅನುಮತಿ ಪಡೆಯಬೇಕು. ವೇಗ ಗಂಟೆಗೆ 200 ಮೈಲಿ, ಅಂದರೆ ಸುಮಾರು 320 ಕಿ.ಮೀ. ದಾಟಬಾರದು. ರೇಡಿಯೊ ಸಂಪರ್ಕ ಕಡಿದರೆ ಎಂಜಿನ್ನು ತಾನೇ ಆರಬೇಕು. ಬೆಂಕಿ ಆರಿಸುವ ಸಿಲಿಂಡರು ಪಕ್ಕದಲ್ಲಿರಲೇಬೇಕು. ಜನರ ತಲೆಯ ಮೇಲೆ ಹಾರಿಸಲೇಕೂಡದು. ಹೈಸ್ಕೂಲಿನ ಮಕ್ಕಳೇ, ನೀವೇ ಲೆಕ್ಕ ಹಾಕಿ. ತೂಕ ಇಮ್ಮಡಿಯಾದರೆ ಪೆಟ್ಟೂ ಇಮ್ಮಡಿ, ವೇಗ ಇಮ್ಮಡಿಯಾದರೆ ಪೆಟ್ಟು ನಾಲ್ಕು ಪಟ್ಟು. ಹದಿನೈದು ಕೆ.ಜಿ.ಯ ವಿಮಾನ 320 ಕಿ.ಮೀ. ವೇಗದಲ್ಲಿ ಬಡಿದರೆ, ಇಬ್ಬರು ಕೂತ ಸ್ಕೂಟರು 80 ಕಿ.ಮೀ. ವೇಗದಲ್ಲಿ ಬಂದು ಗುದ್ದಿದಷ್ಟು ಪೆಟ್ಟು. ಅಷ್ಟು ವೇಗದಲ್ಲಿ ಒಂದು ಸಲ ಕಣ್ಣು ಉಜ್ಜಿಕೊಳ್ಳುವುದರೊಳಗೆ ಅದು ಎಂಬತ್ತೊಂಬತ್ತು ಮೀಟರು ಹೋಗಿರುತ್ತದೆ.

ಮೂರು ಸಲ ಹಾರಿತು. ಚೆಂದವೋ ಚೆಂದ. ನಮ್ಮ ತಲೆ ಕೂಡ ಅದರ ಹಿಂದೆಯೇ ತಿರುಗುತ್ತಿತ್ತು. ನಾಲ್ಕನೆಯ ಸಲ ಎಡಗಡೆ ದೂರ ಹೋಗಿ ತಿರುಗುವಾಗ ಸದ್ದು ಇದ್ದಕ್ಕಿದ್ದಂತೆ ನಿಂತುಹೋಯಿತು. ‘ಡೆಡ್ ಸ್ಟಿಕ್!’ ಎಂದು ಅಳಿಯ ಕೂಗಿದ. ಎಂಜಿನ್ನು ಆರಿದೆ, ದಾರಿ ಬಿಡಿ ಅನ್ನುವುದಕ್ಕೆ ಅವರಲ್ಲಿ ಹೇಳುವ ಮಾತು. ಎಣ್ಣೆಯ ನಳಿಗೆಯಲ್ಲಿ ಒಂದು ಗಾಳಿಗುಳ್ಳೆ ಬಂದರೆ ಸಾಕಂತೆ, ಪಂಪ್ ಸ್ಟೌ ಫುಸ್ಸೆಂದು ಆರುವ ಹಾಗೆ ಆರಿಬಿಡುತ್ತದೆ.

ಭಾರದ ಮೈ, ಸಣ್ಣ ರೆಕ್ಕೆ. ಎಂಜಿನ್ನಿಲ್ಲದ ಜೆಟ್ಟು ಹದ್ದಿನಂತೆ ತೇಲುವುದಿಲ್ಲ, ಇಳಿಯುತ್ತಲೇ ಹೋಗುತ್ತದೆ. ಆಗ ಅವನಿಗೆ ಎರಡು ದಾರಿಯಿತ್ತು ಅಂತ ಆಮೇಲೆ ಹೇಳಿದ. ಒಳಕ್ಕೆ ಗಕ್ಕನೆ ತಿರುಗಿಸಿ, ಕಾರುಗಳ ಮೇಲಿಂದ ಹಾಯಿಸಿ ಟಾರು ಪಟ್ಟಿಗೆ ತರುವುದು ಒಂದು. ‘ಬಂದೇ ಬರ್ತಿತ್ತು ಮಾವ, ನೂರಕ್ಕೆ ಎಂಬತ್ತು,’ ಅಂದ. ಅವನು ತಿರುಗಿಸಲಿಲ್ಲ. ರೆಕ್ಕೆ ಸಮ ಮಾಡಿ ನೇರ ಜೋಳಕ್ಕೆ ಇಳಿಸಿದ. ಹೊಲದೊಳಗೆ ಕಬ್ಬು ಮುರಿದ ಹಾಗೆ ಲಟಲಟ ಸದ್ದಾಯಿತು. ಆಮೇಲೆ ಒಂದು ಎಳೆ ಕಪ್ಪು ಹೊಗೆ ಎದ್ದಿತು.

ಒಣ ಜೋಳ, ಚೆಲ್ಲಿದ ಸೀಮೆಎಣ್ಣೆ, ಒಡೆದ ಬ್ಯಾಟರಿ. ನನ್ನ ಕಾಲು ನಡುಗುತ್ತಿದ್ದವು. ಸಿಲಿಂಡರು, ಬೆನ್ನಿಗೆ ಕಟ್ಟುವ ನೀರಿನ ಪಂಪು ಹಿಡಿದು ಹತ್ತು ಹನ್ನೆರಡು ಜನ ಓಡಿದರು. ಗಾಳಿ ಅಷ್ಟಾಗಿ ಇರಲಿಲ್ಲ, ನಮ್ಮ ಪುಣ್ಯ. ಕಾಲು ಗಂಟೆಯಲ್ಲಿ ಆರಿತು. ಸುಟ್ಟದ್ದು ನಾಲ್ಕು ಗುಂಟೆ.

ಹೊಲದ ಯಜಮಾನ ನಾಲ್ಕು ಚಕ್ರದ ಬೈಕಿನಲ್ಲಿ ಬಂದ. ನನಗಿಂತ ಎರಡು ಮೂರು ವರ್ಷ ದೊಡ್ಡವನಿರಬೇಕು. ಸುಟ್ಟ ಜಾಗವನ್ನು ಸುತ್ತಿ ನೋಡಿ, ಟೋಪಿ ತೆಗೆದು ತಲೆ ಕೆರೆದುಕೊಂಡ. ನಾನು ಹಳೇ ಅಭ್ಯಾಸದಂತೆ ಮನಸ್ಸಿನಲ್ಲೇ ಸರ್ವೆ ಮಾಡಿದೆ. ಅಲ್ಲಿ ಎಕರೆಗೆ ಹತ್ತಿರ ಹತ್ತಿರ 200 ಬುಶೆಲ್ ಬೆಳೆಯುತ್ತಾರೆ, ನಮ್ಮ ಲೆಕ್ಕದಲ್ಲಿ 50 ಕ್ವಿಂಟಾಲು. ಬುಶೆಲ್ಲಿಗೆ ನಾಲ್ಕು ಡಾಲರಿನಂತೆ ಹಿಡಿದರೆ ಎಕರೆಗೆ 800, ನಾಲ್ಕು ಗುಂಟೆಗೆ 80 ಡಾಲರು. ಹತ್ತು ಲಕ್ಷದ ವಿಮಾನ ಬಿದ್ದು ಮಾಡಿದ ನಷ್ಟ ಏಳು ಸಾವಿರ ರೂಪಾಯಿ! ಅಷ್ಟಕ್ಕೆ ಮನೆ ಪಾಲಿಸಿಯ ಕ್ಲೇಮಿಗೆ ಹೋದರೆ ಮುಂದಿನ ವರ್ಷ ಪ್ರೀಮಿಯಂ ಏರೀತು. ಅಳಿಯ ಕೈಯಿಂದಲೇ ನೂರು ಡಾಲರು ಕೊಟ್ಟ. ಆದರೂ ನಾನು ಬಿಡಲಿಲ್ಲ. ನಡೆದದ್ದನ್ನೆಲ್ಲ ಬರೆಸಿ, ಫೋಟೊ ತೆಗೆಸಿ, ಕ್ಲಬ್ಬಿಗೂ ಒಂದು ಪ್ರತಿ ಕೊಡಿಸಿದೆ. ‘ಸಣ್ಣದು, ಯಾಕೆ ಬರೆಯೋದು’ ಅಂದವರ ಕ್ಲೇಮುಗಳು ಆರು ತಿಂಗಳ ನಂತರ ದೊಡ್ಡದಾಗಿ ಬಂದು, ತಡವಾಯಿತೆಂದು ವಾಪಸು ಹೋದದ್ದನ್ನು ಎಷ್ಟು ನೋಡಿಲ್ಲ!

ರಾತ್ರಿ ಊಟಕ್ಕೆ ಕೂತಾಗ ಮಗಳು, ‘ಹತ್ತು ಲಕ್ಷ ಬಿತ್ತನೆ ಮಾಡಿ ಬಂದಿದಾರೆ ಕಣಪ್ಪಾ, ಏನು ಬೆಳೆಯತ್ತೋ ನೋಡೋಣ,’ ಅಂದಳು. ಅಳಿಯ ತಲೆ ಎತ್ತಲಿಲ್ಲ. ಪುಟ್ಟ ಅನ್ನ ಕಲಸುತ್ತಾ ಕೇಳಿದ.

‘ತಾತ, ಇನ್ಶೂರೆನ್ಸ್‌ನವರು ಹೊಸ ಜೆಟ್ ಕೊಡಲ್ವಾ?’

‘ಇಲ್ಲ ಮರಿ.’

‘ಹೊಲದ ಅಜ್ಜನಿಗೂ ಅವರು ಕೊಡಲಿಲ್ಲ, ಅಪ್ಪನೇ ಕೊಟ್ಟರು. ಮತ್ತೆ ಇನ್ಶೂರೆನ್ಸ್ ಯಾಕೆ?’

ಅವನಿಗೆ ತುಮಕೂರಿನ ಒಬ್ಬ ಗುಮಾಸ್ತರ ಕತೆ ಹೇಳಿದೆ. ನಾನು ಅಲ್ಲಿದ್ದಾಗ ನಡೆದದ್ದು. ಸ್ಕೂಟರಿನ ಪಾಲಿಸಿ ಮುಗಿದು ಹನ್ನೊಂದು ದಿನವಾಗಿತ್ತು. ಸಂತೆಯಿಂದ ಬರುವಾಗ ಗಾರೆ ಕೆಲಸದವನೊಬ್ಬನಿಗೆ ಗುದ್ದಿದರು. ಆತನ ಕಾಲು ಹೋಯಿತು. ಕೋರ್ಟು ಹೇಳಿದ ಪರಿಹಾರ ಪೂರ್ತಿ ಇವರ ತಲೆಯ ಮೇಲೆ. ‘ಹನ್ನೊಂದೇ ದಿನ ಸಾರ್’ ಅಂತ ನನ್ನ ಮೇಜಿನ ಎದುರು ಕೂತು ಎಷ್ಟು ಸಲ ಹೇಳಿದರೋ. ನಾನು ಏನು ಮಾಡಲಿ? ಮಗಳ ಮದುವೆಗೆಂದು ಇಟ್ಟುಕೊಂಡಿದ್ದ ಸೈಟು ಮಾರಿದರು. ಗಾರೆಯವನಿಗೆ ದುಡ್ಡು ಕೈಗೆ ಬರುವ ಹೊತ್ತಿಗೆ ಆರು ವರ್ಷವಾಗಿತ್ತು. ಆ ಆರು ವರ್ಷ ಅವನ ಮನೆ ಹೇಗೆ ನಡೆಯಿತು ಎಂದು ನಮ್ಮ ಫೈಲಿನಲ್ಲಿ ಬರೆದಿರಲಿಲ್ಲ.

ಪುಟ್ಟ ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಅಪ್ಪ ಕಾರ್‌ಗಳ ಮೇಲಿಂದ ತಂದಿದ್ದಿದ್ರೆ, ನಾನು ನಿಂತಿದ್ದು ಅಲ್ಲೇ,’ ಅಂದ. ಮಗಳು ಸಾರಿನ ಸೌಟು ಕೆಳಗಿಟ್ಟಳು. ವಿಮಾನದ ಬೆಲೆಯ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ.

ನಮ್ಮಲ್ಲಿ ಮದುವೆ ಮನೆಯಲ್ಲಿ ಡ್ರೋನು ಹಾರಿಸುವ ಹುಡುಗರಿಗೆ ಒಂದು ಮಾತು. ಭಾರತದ 2021ರ ಡ್ರೋನ್ ನಿಯಮಗಳ ಪ್ರಕಾರ, 250 ಗ್ರಾಂ ಒಳಗಿನ ನ್ಯಾನೊ ಡ್ರೋನು ಬಿಟ್ಟು ಉಳಿದುದಕ್ಕೆಲ್ಲ ಥರ್ಡ್ ಪಾರ್ಟಿ ವಿಮೆ ಬೇಕು. ತಮಾಷೆಯೆಂದರೆ, ಅದಕ್ಕೆ ಅನ್ವಯಿಸುವುದು 1988ರ ಮೋಟಾರು ವಾಹನ ಕಾಯಿದೆಯೇ. ಆಕಾಶದಲ್ಲಿ ಹಾರಿದರೂ ಕಾನೂನಿನ ಕಣ್ಣಿಗೆ ಅದು ಗುಮಾಸ್ತರ ಸ್ಕೂಟರಿನ ತಮ್ಮ.

ಹೊಲದ ಯಜಮಾನನ ಮಾತಿಗೆ ಬರುತ್ತೇನೆ. ನೂರು ಡಾಲರನ್ನು ಎಣಿಸದೆ ಜೇಬಿಗೆ ಹಾಕಿಕೊಂಡು ಅವನು ಕೇಳಿದ್ದು ಒಂದೇ. ಬುಧವಾರ ಕಟಾವು, ಅಷ್ಟರೊಳಗೆ ನಿಮ್ಮ ವಿಮಾನದ ಒಂದೊಂದು ಚೂರೂ ಹೊಲದಿಂದ ಆಚೆ ಹೋಗಿರಬೇಕು. ಕಟಾವು ಯಂತ್ರದ ಬೆಲೆ ನಾಲ್ಕೈದು ಕೋಟಿ ರೂಪಾಯಿ. ಒಂದು ಲೋಹದ ತುಂಡು ಅದರ ಹೊಟ್ಟೆಗೆ ಹೋದರೆ ಆಗುವ ನಷ್ಟದ ಮುಂದೆ ನಾಲ್ಕು ಗುಂಟೆ ಏನೂ ಅಲ್ಲ. ಕಿಡಿ ಹಾರಿದರೆ ಹೊಲವೇ ಹೋದೀತು.

ಭಾನುವಾರ ಇಡೀ ದಿನ ಸಾಲು ಸಾಲಾಗಿ ನಡೆದೆವು, ಅಳಿಯ, ಪುಟ್ಟ, ನಾನು, ಮಧ್ಯಾಹ್ನದ ಮೇಲೆ ಬುತ್ತಿ ತಂದ ಮಗಳೂ. ಎಂಜಿನ್ನು ಸಿಕ್ಕಿತು, ಸುಟ್ಟು ಕರಿ ಮಡಕೆಯಂತಾಗಿತ್ತು. ರೆಕ್ಕೆ, ಬಾಲ, ಮೋಟಾರುಗಳು, ಸ್ಕ್ರೂಗಳು ಎಲ್ಲ ಸಿಕ್ಕಿದವು. ಪುಟ್ಟ ಭಾಗಗಳ ಪಟ್ಟಿ ಹಿಡಿದು ಗುರುತು ಹಾಕುತ್ತಿದ್ದ. ಬಲಗಡೆ ಚಕ್ರದ ಅಲ್ಯೂಮಿನಿಯಂ ಕಾಲು ಮಾತ್ರ ಇಲ್ಲ. ಸೋಮವಾರ ಆಫೀಸು ಮುಗಿಸಿ ಬಂದು ಹುಡುಕಿದರೂ ಇಲ್ಲ. ಮಂಗಳವಾರ ಸಂಜೆ ಕತ್ತಲಾಗಿ ಟಾರ್ಚು ಹಿಡಿದು ಹೊರಟೆವು. ನನಗಂತೂ ಸಾಕಾಗಿತ್ತು, ಮಂಡಿ ಬೇರೆ ನೋವು. ಏಳೂವರೆ ಹೊತ್ತಿಗೆ, ಬಿದ್ದ ಜಾಗದಿಂದ ಮೂವತ್ತು ಹೆಜ್ಜೆ ದೂರದಲ್ಲಿ ಪುಟ್ಟ ಕೂಗಿದ. ಆ ಕಾಲು ಒಂದು ಜೋಳದ ದಂಟಿಗೆ ಸೊಂಟದೆತ್ತರದಲ್ಲಿ ಸಿಕ್ಕಿಕೊಂಡು ನಿಂತಿತ್ತು. ನಾವು ಮೂರು ದಿನವೂ ನೆಲವನ್ನೇ ನೋಡುತ್ತಿದ್ದೆವು.

ಅಳಿಯ ಅದನ್ನು ಬಿಡಿಸಿಕೊಂಡು ಹೊಲದ ಯಜಮಾನನಿಗೆ ಫೋನು ಮಾಡಿದ. ಪುಟ್ಟ ಟಾರ್ಚಿನ ಬೆಳಕಿನಲ್ಲಿ ಪಟ್ಟಿಯ ಕೊನೆಯ ಸಾಲಿಗೆ ಗುರುತು ಹಾಕಿದ.