ಡ್ರೈವರ್ ಇಲ್ಲದ ಕಾರು ಬಂತು, ಅಪಘಾತವಾದರೆ ಹೊಣೆ ಯಾರದು?

ದುಬೈಯಲ್ಲಿ ಟ್ಯಾಕ್ಸಿ ಓಡಿಸುವವರು, ಅರ್ಬಾಬ್ ಮನೆಯಲ್ಲಿ ಡ್ರೈವರ್ ಆಗಿರುವವರು ನಮ್ಮಲ್ಲಿ ಎಷ್ಟೋ ಮಂದಿ. 'ಡ್ರೈವರ್ ಇಲ್ಲದ ಕಾರು ಬಂದ್ರೆ ನಮ್ಮ ಗತಿ ಏನು?' ಎಂಬ ಭಯ ಅವರಿಗೆ ಸುಮ್ಮನೆ ಹುಟ್ಟಿದ್ದಲ್ಲ. 2030ರೊಳಗೆ ಶೇ. 25ರಷ್ಟು ಪ್ರಯಾಣ ಸ್ವಯಂಚಾಲಿತ ವಾಹನಗಳಲ್ಲೇ ಆಗಬೇಕೆಂಬುದು ದುಬೈ ಸರ್ಕಾರದ ಗುರಿ. ಅಬುಧಾಬಿಯ ಯಾಸ್ ದ್ವೀಪದಲ್ಲಿ 2021ರಲ್ಲೇ ಇಂತಹ ಟ್ಯಾಕ್ಸಿಗಳ ಪ್ರಯೋಗ ಶುರುವಾಗಿದೆ.

ಕೆಲಸದ ಚಿಂತೆ ಒಂದು ಕಡೆಯಾದರೆ, ಅಪಘಾತವಾದಾಗ ಅದು ಯಾರ ತಲೆಗೆ ಬರುತ್ತೆ ಎಂಬುದು ಇನ್ನೊಂದು. ಇದರಲ್ಲಿ ಸ್ವೀಡನ್ ಹಿಡಿದ ದಾರಿ ನೋಡುವಂತಿದೆ.

ಅಲ್ಲಿ ಪ್ರಾಯೋಗಿಕ ಓಡಾಟಕ್ಕೆಂದೇ 2017ರ ಜುಲೈ 1ರಿಂದ ಪ್ರತ್ಯೇಕ ನಿಯಮ ಜಾರಿಗೆ ಬಂತು. ಸಾರಿಗೆ ಪ್ರಾಧಿಕಾರದ ಪರವಾನಗಿ ಬೇಕು, ವಾಹನ ಸುರಕ್ಷಿತ ಎಂದು ಕಂಪನಿಯೇ ತೋರಿಸಿಕೊಡಬೇಕು. ಒಳಗೋ ಹೊರಗೋ, ಒಬ್ಬ ಮನುಷ್ಯ ಡ್ರೈವರ್ ಇರಲೇಬೇಕು. 2019ರಲ್ಲಿ ಐನ್‌ರೈಡ್ ಕಂಪನಿಯ ಕ್ಯಾಬಿನ್ನೇ ಇಲ್ಲದ ಟ್ರಕ್ ಯೋನ್‌ಶೋಪಿಂಗ್‌ನಲ್ಲಿ ಸಾರ್ವಜನಿಕ ರಸ್ತೆಗೆ ಇಳಿದಾಗ, ಅದರ ಮೇಲೆ ನಿಗಾ ಇಟ್ಟವರು ದೂರದಲ್ಲಿ ಕೂತಿದ್ದರು. ವೇಗ ಗಂಟೆಗೆ ಬರೀ 5 ಕಿ.ಮೀ. ಮೊದಲು ಸಣ್ಣ ಅನುಮತಿ, ಆಮೇಲೆ ದೊಡ್ಡದು.

ಅದೇ ದೇಶದ ಕಾರ್ಲ್‌ಸ್ಟಾಡ್ ನಗರದಲ್ಲಿ ಗ್ರಾಹಕ ಇಲಾಖೆಯ ಕೇಂದ್ರ ಕಚೇರಿ ಇದೆ. ಜಾಹೀರಾತಿನಲ್ಲಿ ಗ್ರಾಹಕರನ್ನು ದಾರಿ ತಪ್ಪಿಸದಂತೆ ನೋಡುವುದು ಅದರ ಕೆಲಸ. ಇದೂ ಮುಖ್ಯವೇ. 'ತಾನೇ ಓಡುತ್ತೆ' ಎಂಬ ಮಾತು ನಂಬಿ ಕೈಬಿಟ್ಟವನಿಗೆ ನಷ್ಟ. ಇವತ್ತು ಶೋರೂಮಿನಲ್ಲಿ ಸಿಗುವ ಹೆಚ್ಚಿನ ಕಾರುಗಳಲ್ಲಿ ಇರುವುದು ಸಹಾಯ ಮಾಡುವ ವ್ಯವಸ್ಥೆ ಅಷ್ಟೇ, ಹೊಣೆ ಸ್ಟಿಯರಿಂಗ್ ಹಿಂದೆ ಕೂತವನದೇ.

ದುಬೈ 2023ರಲ್ಲಿ 9ನೇ ಸಂಖ್ಯೆಯ ಕಾನೂನು ತಂದಿತು. ಆರ್‌ಟಿಎ ಲೈಸೆನ್ಸ್ ಕಡ್ಡಾಯ. ಹಾನಿಯಾದರೆ ಪರಿಹಾರ ಕೊಡಬೇಕಾದವರು ವಾಹನ ನಡೆಸುವ ಸಂಸ್ಥೆ, ತಪ್ಪು ಬೇರೆಯವರದಾದರೆ ಆಮೇಲೆ ಅವರಿಂದ ವಸೂಲಿ ಮಾಡಿಕೊಳ್ಳಬಹುದು. ನಮ್ಮ ದೇಶದಲ್ಲಿ ಮಾತ್ರ ಸಚಿವ ನಿತಿನ್ ಗಡ್ಕರಿ 2023ರ ಡಿಸೆಂಬರ್‌ನಲ್ಲಿ, ಡ್ರೈವರ್‌ಗಳ ಕೆಲಸ ಹೋಗುತ್ತದೆಂದು ಇಂತಹ ಕಾರಿಗೆ ಅವಕಾಶವೇ ಇಲ್ಲ ಎಂದರು.

ಬಾಗಿಲು ಮುಚ್ಚುವುದು ಸುಲಭ, ಆದರೆ ಗಲ್ಫಿನಲ್ಲಿ ದುಡಿಯುವ ನಮಗೆ ಅದರಿಂದ ರಕ್ಷಣೆ ಸಿಗದು. ಇನ್ನು ಮುಂದೆ 'ಸೇಫ್ಟಿ ಡ್ರೈವರ್' ಅಥವಾ ದೂರದಿಂದ ನೋಡಿಕೊಳ್ಳುವ ಕೆಲಸದ ಆಫರ್ ಬರಬಹುದು. ಸಂಬಳ ಎಷ್ಟು ಅಂತ ಕೇಳುವ ಜೊತೆಗೆ ಇನ್ನೆರಡು ವಿಷಯ ಕೇಳಿ: ಯಂತ್ರ ತಪ್ಪು ಮಾಡಿದರೆ ಕೇಸು ಯಾರ ಮೇಲೆ? ಇನ್ಶೂರೆನ್ಸ್ ಯಾರ ಹೆಸರಲ್ಲಿ? ಉತ್ತರ ಬಾಯಿಮಾತಿನಲ್ಲಿ ಬೇಡ, ಕಾಂಟ್ರಾಕ್ಟಿನಲ್ಲೇ ಬರೆದಿರಲಿ.