ಯಜಮಾನಿ ಯಾರು?

"ನಮಗೇತಕ್ಕೆ ಸ್ವಾಮಿ ರಾಜಕೀಯ? ನಾವುಂಟು, ನಮ್ಮ ಮನೆಯುಂಟು" ಎಂಬ ಮಾತು ನಮ್ಮ ರಾವಂದೂರಿನ ಸೀಮೆಯಲ್ಲಿ ಕಿವಿಗೆ ಬೀಳದ ದಿನವಿಲ್ಲ. ಮಡಿಯುಟ್ಟವರು ಮೈಲಿಗೆಗೆ ದೂರ ಸರಿಯುವಂತೆ ಮರ್ಯಾದಸ್ಥರಾದ ಗೃಹಸ್ಥರು ಇದನ್ನು ಹೇಳಿ ಸರಿಯುತ್ತಾರೆ. ಶಬ್ದವೂ ಅವರ ಪಕ್ಷವನ್ನೇ ವಹಿಸುವಂತಿದೆ. ರಾಜಕೀಯವೆಂದರೆ ರಾಜನಿಗೆ ಸೇರಿದುದು ಎಂದಷ್ಟೇ ವ್ಯಾಕರಣವು ಕೊಡುವ ಅರ್ಥ. ರಾಜನದು ರಾಜನಿಗಿರಲಿ, ನಮ್ಮ ಗಂಜಿ ನಮಗಿರಲಿ ಎಂದು ಪ್ರಜೆಯು ಸುಮ್ಮನಿರಬೇಕಾಗಿದ್ದ ಕಾಲವೂ ಒಂದಿತ್ತು. 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ನೆರೆಯಿಸಿದಾಗಲೂ, ಅಲ್ಲಿಗೆ ಹೋದ ಜಮೀನುದಾರರೂ ವರ್ತಕರೂ ಬಿನ್ನವಿಸಬಲ್ಲವರಾಗಿದ್ದರೇ ಹೊರತು ತೀರ್ಮಾನಿಸಬಲ್ಲವರಾಗಿರಲಿಲ್ಲ. 1947ರ ಅಕ್ಟೋಬರಿನಲ್ಲಿ ಮೈಸೂರಿಗೆ ಜವಾಬ್ದಾರಿ ಸರ್ಕಾರ ಬಂದಿತು. ರಾಜನ ಅಧಿಕಾರವು ಪ್ರಜೆಯ ಕೈ ಸೇರಿತು. ಶಬ್ದವೊಂದು ಮಾತ್ರ ಹಳೆಯ ಅಂಗಿಯನ್ನೇ ತೊಟ್ಟುಕೊಂಡು ಉಳಿದಿದೆ. ಅದು ಬೇರೆ ಯಾರದೋ ಕೆಲಸವೆಂಬ ಭಾವನೆಯೂ ಜೊತೆಯಲ್ಲಿಯೇ ಉಳಿದಿದೆ.

ಈ ತಿಂಗಳು ನಾವು ವಾಚಕರ ಮುಂದಿಡಬೇಕೆಂದಿರುವುದು ರಾಜಧಾನಿಯ ರಾಜಕೀಯವನ್ನಲ್ಲ, ಒಲೆಯ ಮುಂದೆ ಕುಳಿತಿರುವ ರಾಜಕೀಯವನ್ನು. ಅದನ್ನು ಕಾಣಲು ದೊಡ್ಡ ಗ್ರಂಥವೇನೂ ಬೇಡ. ಗೋಡೆಯ ಗೂಡಿನಲ್ಲಿರುವ ರೇಷನ್ ಕಾರ್ಡನ್ನು ತೆಗೆದು ನೋಡಿದರೆ ಸಾಕು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯು, ಮನೆಯಲ್ಲಿರುವ 18 ವರ್ಷ ತುಂಬಿದ ಹೆಂಗಸರಲ್ಲಿ ಹಿರಿಯಳಾದವಳೇ ಪಡಿತರ ಚೀಟಿಯ ಮಟ್ಟಿಗೆ ಕುಟುಂಬದ ಮುಖ್ಯಸ್ಥೆಯೆಂದು ವಿಧಿಸಿತು. ಹೀಗೆ ನಮ್ಮ ಅಜ್ಜಿಯರೂ ಅತ್ತೆಯರೂ ಸದ್ದುಗದ್ದಲವಿಲ್ಲದೆ ಯಜಮಾನಿಯರಾದರು.

ಯಜಮಾನನೆಂದರೆ ಮೂಲದಲ್ಲಿ ಯಜ್ಞವನ್ನು ತನಗಾಗಿ ಮಾಡಿಸುವವನು. ಆತನ ಬದಿಯಲ್ಲಿ ಕುಳಿತು ಫಲದಲ್ಲಿ ಪಾಲು ಪಡೆಯುವವಳು ಪತ್ನಿ. ಸಂಸ್ಕೃತದ ನಿಯಮವನ್ನು ಹಿಡಿದರೆ ಸ್ತ್ರೀಲಿಂಗದಲ್ಲಿ 'ಯಜಮಾನಾ' ಎಂದಾಗಬೇಕು. ಕನ್ನಡವು ಆ ನಿಯಮಕ್ಕೆ ಕಾಯದೆ ಯಜಮಾನಿಯೆಂದು ಕರೆದು, ಬದಿಯಲ್ಲಿದ್ದವಳನ್ನು ನಡುವಿನ ಮಣೆಗೆ ತಂದು ಕೂರಿಸಿತು. ವೈಯಾಕರಣರು ಮುಖ ಸಿಂಡರಿಸಿದರೂ ನಮಗೆ ಈ ಅಪಪ್ರಯೋಗದಲ್ಲಿ ಅಭಿಮಾನವುಂಟು.

ಆ ಕಾರ್ಡಿನ ಹೆಸರಿಗೆ ಬೆಲೆ ಬಂದುದು ಹತ್ತು ವರ್ಷಗಳ ಮೇಲೆ. 2023ರ ಜೂನ್ 11ರಂದು ಹೆಂಗಸರಿಗೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣದ 'ಶಕ್ತಿ' ಯೋಜನೆಯೂ, ಆಗಸ್ಟ್ 30ರಂದು ಮೈಸೂರಿನಲ್ಲಿಯೇ ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ ಕೊಡುವ 'ಗೃಹಲಕ್ಷ್ಮಿ' ಯೋಜನೆಯೂ ಆರಂಭವಾದುವು. ಅಂದಿನಿಂದ ಊರ ಜಗಲಿಗಳಲ್ಲಿ ನಡೆದ ಚರ್ಚೆಯನ್ನು ಬರೆದಿಟ್ಟಿದ್ದರೆ ಒಂದು ಪುರಾಣವಾಗುತ್ತಿತ್ತು. ಬಿಟ್ಟಿ ಹಣದಿಂದ ಜನ ಕೆಡುತ್ತಾರೆಂದು ಒಬ್ಬರು. ಹೆಂಗಸರು ಮನೆಯಲ್ಲಿ ನಿಲ್ಲುತ್ತಿಲ್ಲವೆಂದು ಮತ್ತೊಬ್ಬರು. ಅತ್ತೆಯ ಖಾತೆಗೋ ಸೊಸೆಯ ಖಾತೆಗೋ ಎಂಬ ವ್ಯಾಜ್ಯ ಬೇರೆ. ರಾಜಕೀಯವೇ ಬೇಡವೆಂದವರು ಈ ಚರ್ಚೆಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಮಾತನಾಡಿದರೆಂಬುದನ್ನು ಇಲ್ಲಿ ಹೇಳದೆ ಬಿಡಲಾರೆವು.

ನಮ್ಮ ಅಭಿಪ್ರಾಯವನ್ನು ಕೇಳುವುದಾದರೆ, ಕೊಟ್ಟ ಪಕ್ಷದವರು ತಾವೇ ಕಲ್ಪವೃಕ್ಷವೆಂಬಂತೆ ಬೀಗುವುದೂ ಸಲ್ಲದು, ಕೊಡದ ಪಕ್ಷದವರು ಪಡೆದವಳನ್ನು ಭಿಕ್ಷುಕಿಯೆಂಬಂತೆ ಆಡಿಕೊಳ್ಳುವುದೂ ಸಲ್ಲದು. ಸಾಬೂನಿಗೂ ಬೆಂಕಿಪೊಟ್ಟಣಕ್ಕೂ ತೆರಿಗೆಯನ್ನು ಸೇರಿಸಿಯೇ ಆಕೆ ಬೆಲೆ ಕೊಡುತ್ತಾಳೆ. ಬೊಕ್ಕಸದಲ್ಲಿ ಆಕೆಯದೂ ಇದೆ. ಆ ಹಣವು ಎಷ್ಟು ದಿನ ಬರುವುದೋ, ಯಾವ ತಿಂಗಳು ತಡವಾಗುವುದೋ, ಅದು ಬೇರೆ ಮಾತು. ಹೊಸದೆಂದು ನಮಗೆ ತೋರಿದುದು ಬ್ಯಾಂಕಿನಲ್ಲಿ ತನ್ನ ಹೆಸರನ್ನು ಕೂಗಿದಾಗ ಎದ್ದುಹೋಗುವ ಹೆಂಗಸಿನ ನಡಗೆ. ಪಿರಿಯಾಪಟ್ಟಣದ ಆಸ್ಪತ್ರೆಗೆ ಹೋಗಲು ಗಂಡನ ಜೇಬಿನ ಚಿಲ್ಲರೆಗೆ ಕಾಯದೆ ಬಸ್ಸು ಹತ್ತಿದವಳನ್ನು ಕಂಡಾಗ, ಇದಕ್ಕೆ ಬೆಲೆ ಕಟ್ಟುವ ಕೋಷ್ಟಕವು ಅರ್ಥಶಾಸ್ತ್ರಜ್ಞರಲ್ಲಿ ಇದೆಯೋ ಇಲ್ಲವೋ ಎಂದುಕೊಂಡೆವು.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ರೇಷನ್ ಕಾರ್ಡಿನಲ್ಲಿ ಯಜಮಾನಿಯಾದವಳು ಮನೆಯ ಇನ್ನಾವ ಕಾಗದದಲ್ಲಿ ಯಜಮಾನಿಯಾಗಿದ್ದಾಳೆ?

ಮೊದಲು ಪಹಣಿಯನ್ನು ನೋಡೋಣ. ಭೂಮಿಯ ಮಾತು ಬಂದಾಗ ನಮ್ಮ ನೆರೆಯ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ 1915ರಲ್ಲಿ ಹುಟ್ಟಿದ ದೇವರಾಜ ಅರಸು ಅವರನ್ನು ನೆನೆಯದೆ ಮುಂದುವರಿಯುವಂತಿಲ್ಲ. ಅವರು ಮುಖ್ಯಮಂತ್ರಿಗಳಾಗಿದ್ದಾಗ, 1974ರ ಮಾರ್ಚ್ 1ರಂದು, ಗೇಣಿಗೆ ಕೊಟ್ಟಿದ್ದ ಜಮೀನುಗಳೆಲ್ಲವೂ ಕಾನೂನಿನ ಬಲದಿಂದ ಸರ್ಕಾರಕ್ಕೆ ಸೇರಿದುವು. ಗೇಣಿದಾರನು ಏಳನೆಯ ನಮೂನೆಯಲ್ಲಿ ಅರ್ಜಿ ಬರೆದು ಭೂನ್ಯಾಯಮಂಡಲಿಯ ಮುಂದೆ ನಿಂತರೆ ಉತ್ತ ಭೂಮಿಗೆ ಒಡೆಯನಾಗಬಹುದಾಗಿತ್ತು. ಸಿರಿವಂತನ ಪರವಾಗಿ ವಾಗ್ಮಿಗಳು ನಿಲ್ಲದಿರಲೆಂದು ಆ ಮಂಡಲಿಗಳಲ್ಲಿ ಮೊದಮೊದಲು ವಕೀಲರಿಗೇ ಪ್ರವೇಶವಿರಲಿಲ್ಲ. ಗೇಣಿಯ ಒಕ್ಕಲು ಹೆಚ್ಚಾಗಿದ್ದ ಕರಾವಳಿ ಮಲೆನಾಡುಗಳಲ್ಲಿ ಇದರ ಫಲವು ನಮ್ಮ ಕಡೆಗಿಂತ ಹೆಚ್ಚು. ಆದರೂ ವಿಧಾನಸೌಧದಲ್ಲಿ ಬರೆದ ಒಂದು ಸಾಲು ಗುಡಿಸಲಿನ ಅಕ್ಕಿಮಡಕೆಯನ್ನು ಮುಟ್ಟಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಅರ್ಜಿಗಳಲ್ಲಿದ್ದ ಹೆಸರುಗಳು ಮಾತ್ರ ಬಹುಮಟ್ಟಿಗೆ ಗಂಡಸರವು. ನಾಟಿಗೂ ಕಳೆಗೂ ಕೊಯ್ಲಿಗೂ ಬಗ್ಗಿದ ಬೆನ್ನುಗಳಲ್ಲಿ ಹೆಂಗಸರವೇ ಹೆಚ್ಚಾಗಿದ್ದರೂ, ಉಳುವವನೇ ಹೊಲದೊಡೆಯನೆಂಬ ಘೋಷಣೆಯಲ್ಲಿ ಉಳುವವಳೆಂಬ ರೂಪವನ್ನು ಯಾರೂ ಹೇಳಲಿಲ್ಲ.

ಹೆಣ್ಣುಮಕ್ಕಳ ಹಕ್ಕನ್ನು ಕಾನೂನು ಆಮೇಲೆ ಒಪ್ಪಿತು. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲೆಂದು ಕರ್ನಾಟಕವು 1994ರ ಜುಲೈ 30ರಿಂದ ವಿಧಿಸಿತು. ಅದಕ್ಕೆ ಮೊದಲೇ ಮದುವೆಯಾದವರನ್ನು ಮಾತ್ರ ಹೊರಗಿಟ್ಟಿತು. 2005ರಲ್ಲಿ ದೇಶಕ್ಕೆಲ್ಲ ಒಂದೇ ನಿಯಮವಾಗಿ ಆ ಭೇದವೂ ಹೋಯಿತು. 2005ಕ್ಕೆ ಮೊದಲೇ ತಂದೆ ತೀರಿಕೊಂಡಿದ್ದರೂ ಮಗಳ ಹಕ್ಕು ಹುಟ್ಟಿನಿಂದಲೇ ಬಂದುದೆಂದು 2020ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಕಾನೂನು ಇಷ್ಟು ದೂರ ನಡೆದು ಬಂದು ನಮ್ಮ ಹೊಸ್ತಿಲ ಹೊರಗೆ ನಿಂತಿದೆ.

ಒಳಗೆ ನಡೆಯುವುದೇ ಬೇರೆ. ಅಣ್ಣತಮ್ಮಂದಿರು ಪಾಲಾಗುವ ದಿನ ಅಕ್ಕತಂಗಿಯರಿಗೆ ಕರೆ ಬರುತ್ತದೆ. ಊಟ, ಸೀರೆ, ಅರಿಶಿನ ಕುಂಕುಮ ಎಲ್ಲವೂ ಆಗುತ್ತದೆ. ಬಳಿಕ ನೋಂದಣಿ ಕಚೇರಿಯ ಮೆಟ್ಟಿಲು. ಅಲ್ಲಿ ಹೆಬ್ಬೆಟ್ಟು ಒತ್ತಿಸುವ ಕಾಗದಕ್ಕೆ ಹಕ್ಕು ಬಿಡುಗಡೆ ಪತ್ರವೆಂದು ಹೆಸರು. ಬಿಡುಗಡೆಯೆಂಬ ಮಾತಿಗೆ ಇದಕ್ಕಿಂತ ವಿಪರೀತವಾದ ಅರ್ಥವನ್ನು ಯಾವ ನಿಘಂಟಿನಲ್ಲಿಯೂ ನಾವು ಕಂಡಿಲ್ಲ. ಒಲ್ಲೆನೆಂದರೆ ತವರಿನ ಬಾಗಿಲು ಮುಚ್ಚುವುದೆಂಬ ಭಯ. ಗೌರಿಹಬ್ಬಕ್ಕೆ ಕರೆಯುವವರಿಲ್ಲದೆ ಹೋಗುವರೆಂಬ ಸಂಕಟ. ಒಂದೆಕರೆ ಭೂಮಿಯನ್ನೂ ಒಂದು ಬಾಗಿನದ ಮೊರವನ್ನೂ ತಕ್ಕಡಿಯ ಎರಡು ತಟ್ಟೆಗಳಲ್ಲಿಟ್ಟು, ಆಕೆ ಮೊರವನ್ನೇ ಆರಿಸಿಕೊಳ್ಳುವಂತೆ ನಾವೆಲ್ಲರೂ ಸೇರಿ ಮಾಡಿದ್ದೇವೆ. ಪ್ರಗತಿಪರರೆಂದು ಹೆಸರಾಗಿ, ಮೈಸೂರಿನ ಸಭೆಗಳಲ್ಲಿ ಸಮಾನತೆಯನ್ನು ಕುರಿತು ಸೊಗಸಾಗಿ ಮಾತನಾಡುವ ಮಹನೀಯರ ಮನೆಗಳಲ್ಲಿಯೂ ಈ ಪತ್ರ ಬರೆಯಿಸಿದುದನ್ನು ನಾವು ಬಲ್ಲೆವು. ಯಾರಾದರೂ ಪ್ರಗತಿಪರರೋ ಅಲ್ಲವೋ ಎಂದು ತಿಳಿಯಬೇಕಾದರೆ ಅವರ ಭಾಷಣವನ್ನು ಕೇಳುವುದಕ್ಕಿಂತ ಅವರ ತಂಗಿಯನ್ನು ಕೇಳುವುದು ಮೇಲು.

ಎರಡನೆಯ ಕಾಗದ ನಮ್ಮ ಸೀಮೆಗೇ ವಿಶೇಷವಾದುದು, ಅದು ಹೊಗೆಸೊಪ್ಪಿನದು. ಪಿರಿಯಾಪಟ್ಟಣ, ಹುಣಸೂರು, ಹೆಗ್ಗಡದೇವನಕೋಟೆಗಳ ಹಗುರ ಮಣ್ಣಿನಲ್ಲಿ ಮುಂಗಾರಿನ ಮಳೆಯನ್ನೇ ನಂಬಿ ಬೆಳೆಯುವ ವರ್ಜೀನಿಯಾ ತಂಬಾಕು ನಮ್ಮ ಮನೆಗಳ ಮದುವೆ, ಮಕ್ಕಳ ಕಾಲೇಜು, ಸಾಲ ಎಲ್ಲವನ್ನೂ ಹೊತ್ತುಕೊಂಡಿದೆ. ಇದನ್ನು ಆಳುವುದು ಗುಂಟೂರಿನಲ್ಲಿರುವ ತಂಬಾಕು ಮಂಡಳಿ. 1975ರ ಕಾಯಿದೆಯಿಂದ 1976ರಲ್ಲಿ ಅದು ಹುಟ್ಟಿತು. ಇಷ್ಟೇ ಬೆಳೆಯಬೇಕೆಂದು ಆಯಾ ವರ್ಷದ ಮಿತಿಯನ್ನು ಗೊತ್ತುಮಾಡುವುದು, ರೈತನನ್ನೂ ಬ್ಯಾರನ್ನನ್ನೂ ನೋಂದಾಯಿಸುವುದು, ಹರಾಜು ನಡೆಯಿಸುವುದು ಎಲ್ಲವೂ ಅದರ ಕೆಲಸ. ಕರ್ನಾಟಕದಲ್ಲಿ ಹರಾಜು ಆರಂಭವಾದುದು 1984ರಲ್ಲಿ. ಇನ್ನೊಂದು ಕಡೆ, ತಂಬಾಕನ್ನು ತಗ್ಗಿಸಬೇಕೆಂಬ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಂದವನ್ನು ಭಾರತವು 2004ರಲ್ಲಿಯೇ ಅಂಗೀಕರಿಸಿದೆ. 2016ರಿಂದ ಸಿಗರೇಟಿನ ಪೊಟ್ಟಣದ ನೂರಕ್ಕೆ 85 ಪಾಲು ಜಾಗದಲ್ಲಿ ಭಯಂಕರವಾದ ಎಚ್ಚರಿಕೆಯ ಚಿತ್ರವಿರಬೇಕೆಂದು ವಿಧಿಸಿದೆ. ಒಂದೇ ಸರ್ಕಾರದ ಬಲಗೈ ಹರಾಜಿನ ಸುತ್ತಿಗೆಯನ್ನು ಹಿಡಿದಿದ್ದರೆ ಎಡಗೈ ಆ ಚಿತ್ರವನ್ನು ಬರೆಯುತ್ತಿದೆ. ಪಟ್ಟಣದ ವಿಚಾರವಂತರು "ಬೆಳೆಯುವುದನ್ನೇ ಬಿಡಿ" ಎಂದು ಸುಲಭವಾಗಿ ಹೇಳಿಬಿಡುತ್ತಾರೆ. ಬಿಡಬೇಕೆಂಬುದು ನಮಗೂ ಒಪ್ಪಿಗೆಯೇ. ಬಿಟ್ಟವನ ಸಾಲಕ್ಕೆ ಯಾರು ಹೊಣೆಯೆಂಬುದನ್ನೂ ಅದೇ ಉಸಿರಿನಲ್ಲಿ ಹೇಳಿದರೆ ಚೆನ್ನು.

ಬ್ಯಾರನ್ನಿನ ಲೈಸೆನ್ಸು ಸಾಮಾನ್ಯವಾಗಿ ಗಂಡಸಿನ ಹೆಸರಿನಲ್ಲಿರುತ್ತದೆ. ಹರಾಜಿಗೆ ಬೇಲು ಹೊತ್ತು ಹೋಗುವವನೂ, ಹಣ ಬರುವ ಖಾತೆಯವನೂ ಅವನೇ. ಎಲೆ ಮುರಿದು ತಂದ ಮೇಲೆ ಸಾಲಾಗಿ ಕುಳಿತು ಕಡ್ಡಿಗೆ ಕಟ್ಟುವವರು ಹೆಂಗಸರು. ಒದ್ದೆಯಾದ ಹಸಿ ಎಲೆಯ ವಿಷವು ಚರ್ಮದ ಮೂಲಕವೇ ಮೈ ಸೇರಿ ತಲೆಸುತ್ತನ್ನೂ ವಾಕರಿಕೆಯನ್ನೂ ತರುತ್ತದೆಂದು ವೈದ್ಯಶಾಸ್ತ್ರವು ಹೇಳುತ್ತದೆ. ನಮ್ಮ ಹೆಂಗಸರು ಅದನ್ನು "ಸೊಪ್ಪು ಹಿಡಿಯಿತು" ಎಂದು ಹೇಳಿ, ಮಜ್ಜಿಗೆ ಕುಡಿದು ಮತ್ತೆ ಕಟ್ಟಲು ಕೂರುತ್ತಾರೆ. ಕಿಲೋ ಸೊಪ್ಪು ಬೇಯಿಸಲು ಹಲವು ಕಿಲೋ ಸೌದೆ ಬೇಕು. ಬೆಂಕಿಯನ್ನು ಹಗಲಿರುಳೂ ಆರದಂತೆ ಕಾಯಬೇಕು. ಬೆಳೆಯ ಮಿತಿಯೆಷ್ಟು, ಸೌದೆಗೆ ಬದಲೇನು, ಕಟ್ಟುವವರ ಕೈಗೆ ಗವಸು ಯಾರು ಕೊಡುವರು ಎಂಬ ಮಾತುಗಳು ದೆಹಲಿಯಲ್ಲಿಯೋ ಗುಂಟೂರಿನಲ್ಲಿಯೋ ನಡೆದರೆ ನಡೆದಾವು. ಎಲೆ ಕಟ್ಟುವವಳನ್ನು ಕೇಳುವವರು ಯಾರು?

ಕೇಳುವ ಸ್ಥಳವೊಂದನ್ನು ಕಾನೂನು ಮಾಡಿಕೊಟ್ಟಿದೆ. ಅದು ಗ್ರಾಮಸಭೆ. ಕೊಳವೆಬಾವಿಗಳನ್ನು ತೋಡಿಸಿ ಜನರ ಬಾಯಲ್ಲಿ 'ನೀರ್ ಸಾಬ್' ಎನಿಸಿಕೊಂಡ ಅಬ್ದುಲ್ ನಜೀರ್ ಸಾಹೇಬರು ಮಂತ್ರಿಗಳಾಗಿದ್ದ ಕಾಲದಲ್ಲಿ, 1983ರ ಪಂಚಾಯತಿ ಕಾನೂನು ಹೆಂಗಸರಿಗೆ ನಾಲ್ಕರಲ್ಲೊಂದು ಸ್ಥಾನವನ್ನು ಮೀಸಲಿಟ್ಟಿತು. 1987ರಲ್ಲಿ ಅದರಂತೆ ಚುನಾವಣೆ ನಡೆಯಿತು. ಸಂವಿಧಾನದ 73ನೆಯ ತಿದ್ದುಪಡಿಯಿಂದ 1993ರಲ್ಲಿ ಅದು ಮೂರರಲ್ಲೊಂದಾಯಿತು. 2010ರಲ್ಲಿ ಕರ್ನಾಟಕವು ಅರ್ಧಕ್ಕೆ ಏರಿಸಿತು. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಲೇಬೇಕು. ಊರಿನ ಮತದಾರರೆಲ್ಲರೂ ಅದರ ಸದಸ್ಯರು. ಆದರೆ ಸಭೆಯ ದಿನ ಶಾಮಿಯಾನದ ಕೆಳಗೆ ನೋಡಿದರೆ ಮುಂದಿನ ಕುರ್ಚಿಗಳಲ್ಲಿ ಬಿಳಿಯ ಪಂಚೆಗಳೇ ಹೆಚ್ಚು. ಗೆದ್ದ ಸದಸ್ಯೆಯ ಪರವಾಗಿ ಆಕೆಯ ಗಂಡನೇ ಮೈಕು ಹಿಡಿಯುವುದನ್ನು ಜನರೂ ಅಧಿಕಾರಿಗಳೂ ಸಹಜವೆಂಬಂತೆ ಒಪ್ಪಿಕೊಂಡಿದ್ದಾರೆ. "ಮೆಂಬರ್ ಬಂದ್ರು" ಎಂದರೆ ಬಂದವನು ಮೆಂಬರಿನ ಗಂಡನೆಂದು ತಿಳಿಯಬೇಕು. ಯಜ್ಞದ ಮಣೆ ಮತ್ತೆ ಹಳೆಯ ಜಾಗಕ್ಕೇ ಸರಿಯಿತು.

2023ರ ಮಳೆಗಾಲದ ಕೊನೆಯಲ್ಲಿ, ಬ್ಯಾರನ್ನುಗಳ ಬೆಂಕಿ ಇನ್ನೂ ಆರದಿದ್ದ ದಿನಗಳಲ್ಲಿ, ನಮ್ಮ ಸೀಮೆಯ ಒಂದೂರಿನ ಇಂಥದೇ ಸಭೆಯಲ್ಲಿ ನಾವಿದ್ದೆವು. ಫಲಾನುಭವಿಗಳ ಪಟ್ಟಿ ಓದಿಯಾಗಿತ್ತು. ಚರಂಡಿಯ ವಿಷಯದಲ್ಲಿ ಇಬ್ಬರು ಜಗಳವಾಡಿಯಾಗಿತ್ತು. ಆಗ ಹಿಂದುಗಡೆಯಿಂದ ಎಲೆ ಕಟ್ಟುವ ಕೂಲಿಯ ಹೆಂಗಸೊಬ್ಬರು ಎದ್ದು ನಿಂತರು. ಬ್ಯಾರನ್ನಿನಿಂದ ಕೇರಿಗೆ ಬರುವ ದಾರಿಯಲ್ಲಿ ಮೂರು ಕಂಬಗಳಿವೆ, ಒಂದರಲ್ಲಿಯೂ ದೀಪವಿಲ್ಲ, ರಾತ್ರಿ ಎಂಟಕ್ಕೆ ಕೆಲಸ ಬಿಟ್ಟು ಬರುವಾಗ ಹಾವೂ ಹೆದರಿಕೆ, ಕುಡಿದವರೂ ಹೆದರಿಕೆ ಎಂದರು. ವೇದಿಕೆಯಲ್ಲಿದ್ದ ಸದಸ್ಯೆಯ ಗಂಡ, "ಆಯ್ತು, ನೋಡ್ತೀವಿ, ಕೂತ್ಕೊಳವ್ವ" ಎಂದರು. ಆಕೆ ಕೂರಲಿಲ್ಲ. "ನಿನ್ನ ಕೇಳ್ಲಿಲ್ಲ ಕಣಣ್ಣ. ಓಟು ಹಾಕಿದ್ದು ಅಕ್ಕಂಗೆ. ಅಕ್ಕನೇ ಹೇಳ್ಲಿ" ಎಂದರು.

ಸಭೆಯಲ್ಲಿ ನಗು ಎದ್ದಿತು. ಗಂಡ ನಗಲಿಲ್ಲ. ಸದಸ್ಯೆ ಸೆರಗನ್ನು ಸರಿಪಡಿಸಿಕೊಂಡು ಎದ್ದರು. ಆ ದಾರಿಯಲ್ಲಿ ತಾವೂ ನಡೆದಿರುವುದಾಗಿಯೂ, ನಡುವಿನ ಕಂಬ ವಾಲಿರುವುದಾಗಿಯೂ, ಮೂರು ದೀಪಗಳನ್ನು ಈಗಲೇ ನಡಾವಳಿಯಲ್ಲಿ ಬರೆದುಕೊಳ್ಳಬೇಕೆಂದೂ ಹೇಳಿದರು. ಧ್ವನಿ ಬಹಳ ಸಣ್ಣದು. ಮೈಕು ಗಂಡನ ಕೈಯಲ್ಲಿಯೇ ಇತ್ತು. ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳು ತಲೆಯೆತ್ತಿ ಒಮ್ಮೆ ಗಂಡನನ್ನೂ ಒಮ್ಮೆ ಹೆಂಡತಿಯನ್ನೂ ನೋಡಿ, ಆಮೇಲೆ ಬರೆದುಕೊಂಡರು.

ದೀಪ ಬಂದಿತೆ ಎಂದು ವಾಚಕರು ಕೇಳಬಹುದು. ಮುಂದಿನ ಸಭೆಯ ಹೊತ್ತಿಗೆ ಎರಡು ಕಂಬಗಳಲ್ಲಿ ಬಂದಿತ್ತು. ವಾಲಿದ ಕಂಬದ ವಿಷಯವನ್ನು ಆ ಕೂಲಿಯ ಹೆಂಗಸು ಮತ್ತೆ ಎದ್ದು ಕೇಳಿದರು. ಆ ಸಲ ಅವರ ಜೊತೆಯಲ್ಲಿ ಇನ್ನೂ ನಾಲ್ವರು ಬಂದಿದ್ದರು.